ರೇಷ್ಮೆ ಹುಳುವಿನೊಳಗೆ ಕುರಿ

ರಾಯದುರ್ಗದಲ್ಲಿ ಒಂದು ಕಾಲಕ್ಕೆ ಅರ್ಧಕ್ಕರ್ಧ ಅಂಗಡಿಗಳು ಹೆಸರೇ ಇಲ್ಲದೆ ವ್ಯಾಪಾರ ಶುರು ಮಾಡಿದ್ದಕ್ಕೆ ನಮ್ಮ ಸೋದರಮಾವನೇ ಕಾರಣ ಅಂದರೆ ನೀವು ನಂಬುವುದಿಲ್ಲ. ಬೇಡ, ನಂಬಬೇಡಿ. ಬಸ್ ಸ್ಟ್ಯಾಂಡಿನ ಹತ್ತಿರ ಯಾರಾದರೂ ಹಳಬರನ್ನು ನಿಲ್ಲಿಸಿ ಕೇಳಿ ನೋಡಿ. ಅವರು ಮೊದಲು ನಗುತ್ತಾರೆ, ಆಮೇಲೆ ತಮ್ಮದೇ ಒಂದು ಕತೆ ಹೇಳುತ್ತಾರೆ.

ಮಾವನದು ಬೋರ್ಡು ಬರೆಯುವ ಕಸುಬು. ಮೇಲೆ ತೆಲುಗು, ಕೆಳಗೆ ಕನ್ನಡ. ಗಿರಾಕಿ ಬಳ್ಳಾರಿ ಕಡೆಯವರಾದರೆ ಮೇಲೆ ಕನ್ನಡ, ಕೆಳಗೆ ತೆಲುಗು. ಅಕ್ಷರ ಬರೆಯಲು ಅವರಿಗೆ ಒಂದೂವರೆ ತಾಸು ಸಾಕು. ಆದರೆ ತಗಡನ್ನು ತಯಾರು ಮಾಡಲು ಹದಿನೈದು ದಿನ ಬೇಕು! ಉಜ್ಜಬೇಕು, ತೊಳೆಯಬೇಕು, ಒಣಗಿಸಬೇಕು, ಮತ್ತೆ ಉಜ್ಜಬೇಕು, ಪ್ರೈಮರ್ ಬಳಿಯಬೇಕು, ಆ ಪ್ರೈಮರನ್ನೂ ಉಜ್ಜಬೇಕು. ಉಜ್ಜಿ ತೆಗೆಯುವುದೇ ಆದರೆ ಬಳಿದದ್ದು ಯಾಕೆ ಎಂದು ಕೇಳಿದ ಗಿರಾಕಿ ಅವತ್ತಿನಿಂದ ಮಾವನ ಲೆಕ್ಕದಲ್ಲಿ ಮನುಷ್ಯನಲ್ಲ.

ಒಬ್ಬ ಕಿರಾಣಿ ಅಂಗಡಿಯವನು ದಿನಾ ಬೆಳಿಗ್ಗೆ ಬಾಗಿಲಿಗೆ ಬಂದು, "ಅನ್ನಾ, ಬೋರ್ಡು ಎಪ್ಪುಡಿಸ್ತಾವ್?" ಎಂದು ಕೇಳುತ್ತಿದ್ದ. ಯಾವಾಗ ಕೊಡುತ್ತೀಯಣ್ಣ ಎಂದು. ಮಾವ ತಗಡಿನ ಮೇಲೆ ಬೆರಳಾಡಿಸಿ, "ಇನ್ನಾ ಆಗಿಲ್ರಿ, ಮೈ ಒರಟೈತಿ" ಅನ್ನುತ್ತಿದ್ದರು. ಕೊನೆಗೂ ಬೋರ್ಡು ಸಿದ್ಧವಾಗಿ, ಅದನ್ನು ಹೊತ್ತು ಮಾವ ಅಂಗಡಿಗೆ ಹೋದರೆ, ಅಷ್ಟೊತ್ತಿಗೆ ಆ ಪುಣ್ಯಾತ್ಮ ಕಿರಾಣಿ ಮುಚ್ಚಿ ಮೊಬೈಲ್ ರಿಪೇರಿ ಅಂಗಡಿ ತೆರೆದಿದ್ದ. ಬೇರೆ ಯಾರಾದರೂ ಆಗಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು. ಮಾವ ಸಮಾಧಾನವಾಗಿ, "ಪರವಾಗಿಲ್ರಿ, ತಗಡಂತೂ ತಯಾರೈತಿ. ಹೆಸ್ರು ಬದ್ಲಿ ಮಾಡಿ ಕೊಡ್ತೀನಿ. ಹದಿನೈದು ದಿನ ಟೈಮ್ ಕೊಡ್ರಿ" ಅಂದರಂತೆ.

ಮನೆಯಲ್ಲೂ ಇದೇ ಪಾಡು. ಕ್ಯಾಲೆಂಡರ್ ತೂಗುಹಾಕು ಅಂದರೆ ಮೊದಲು ಗೋಡೆ ಒರೆಸುತ್ತಾರೆ. ಹೊಸ ಫೋನಿನ ಗಾಜಿಗೆ ಹಾಳೆ ಅಂಟಿಸಲು ಕೊಟ್ಟಿದ್ದ ಅತ್ತೆಗೆ ಮೂರು ದಿನ ಫೋನೇ ಸಿಗಲಿಲ್ಲ. ಸ್ನಾನವಾದ ಮೇಲೆ ವಿಭೂತಿ ಹಚ್ಚುವ ಮುಂಚೆ ಹಣೆಯನ್ನು ಒಣ ಪಂಚೆಯಿಂದ ಐದಾರು ಸಲ ಒರೆಸಿ, ಕನ್ನಡಿಯಲ್ಲಿ ನೋಡಿ, ಜಿಡ್ಡು ಹೋಯಿತೆಂದು ಖಾತ್ರಿಯಾದ ಮೇಲೇ ಮೂರು ಬೆರಳು ಎಳೆಯುವುದು. ಬೇರೆಯವರ ವಿಭೂತಿ ಹತ್ತು ಗಂಟೆಗೆಲ್ಲ ಬೆವರಿಗೆ ಕರಗಿದ್ದರೆ, ಮಾವನದು ಸಂಜೆ ದೀಪ ಹಚ್ಚುವ ಹೊತ್ತಿಗೂ ಈಗಷ್ಟೇ ಬರೆದ ಬೋರ್ಡಿನಂತೆ ಇರುತ್ತಿತ್ತು. ಆಮೇಲೆ ಊರಿಗೆ ಫ್ಲೆಕ್ಸ್ ಬಂತು. ಅರ್ಧ ತಾಸಿಗೆ ಬೋರ್ಡು! ಗಿರಾಕಿಗಳು ಅತ್ತ ಹೋದರು. ಮಾವ ಒಂದೇ ಮಾತು ಹೇಳಿದರು: "ಫ್ಲೆಕ್ಸಿಗೆ ಮೈ ಎಲ್ಲೈತಿ? ಅದು ಬರೇ ಬಟ್ಟಿ." ಅಷ್ಟು ಹೇಳಿ, ಯಾರೂ ಕೇಳದಿದ್ದ ತಗಡೊಂದನ್ನು ಎಳೆದುಕೊಂಡು ಉಜ್ಜಲು ಕೂತರು.

ಇಂಥವರ ಮನೆಗೆ ನಾನು ಹೋಗಿ ಸೇರಿಕೊಂಡೆ. ನಮ್ಮೂರು ಮಡಕಶಿರಾ. ಬಳ್ಳಾರಿಯ ಒಂದು ಪ್ರಯೋಗಾಲಯದಲ್ಲಿ ನನಗೆ ಸಂಶೋಧನೆಗೆ ಸೀಟು ಸಿಕ್ಕಿತ್ತು. ರಾಯದುರ್ಗದಲ್ಲಿ ಮಾವನ ಮನೆಯಲ್ಲಿದ್ದುಕೊಂಡು ದಿನಾ ಡಿ. ಹಿರೇಹಾಳ್ ಮೇಲಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಕೆಲಸ ಏನವ್ವಾ ಎಂದು ಮಾವ ಕೇಳಿದರು. ಹೇಳಿದೆ.

ನಮ್ಮೂರಿನ ಹತ್ತಿರ ಅಗಳಿ ಕಡೆ ರೇಷ್ಮೆ ಹುಳು ಸಾಕುತ್ತಾರಲ್ಲ, ಆ ಹುಳುಗಳಿಗೆ ಸಪ್ಪೆ ರೋಗ ಬರುತ್ತದೆ. ಕೊನೆಯವರೆಗೂ ಚೆನ್ನಾಗಿಯೇ ಸೊಪ್ಪು ತಿನ್ನುತ್ತವೆ. ಇನ್ನೇನು ಗೂಡು ಕಟ್ಟಬೇಕು ಅನ್ನುವಾಗ ಮೆತ್ತಗಾಗಿ ಸಾಯುತ್ತವೆ. ರೋಗ ಮೊದಲೇ ಗೊತ್ತಾದರೆ ರೋಗ ತಗುಲಿದವುಗಳನ್ನು ಬೇರೆ ಮಾಡಿ ಉಳಿದ ಹುಳುಗಳನ್ನು ಉಳಿಸಿಕೊಳ್ಳಬಹುದು. ಹುಳುವಿನ ರಕ್ತದಲ್ಲಿ ಅದರ ಗುರುತಿನ ಪ್ರೋಟೀನು ಇದೆಯೇ ಎಂದು ನೋಡುವುದು ನನ್ನ ಕೆಲಸ. ಅದಕ್ಕೆ ಬೆಂಗಳೂರಿನಲ್ಲೊಂದು ಯಂತ್ರವಿದೆ, ಮಾಸ್ ಸ್ಪೆಕ್ಟ್ರೋಮೀಟರ್. ಅಂಗೈಯಗಲದ ಉಕ್ಕಿನ ತಟ್ಟೆಯ ಮೇಲೆ ಸಾಲು ಸಾಲು ಪುಟ್ಟ ಗುಂಡು ಗುರುತುಗಳಿರುತ್ತವೆ. ಒಂದೊಂದರ ಮೇಲೂ ಕಾಲು ಹನಿ ರಕ್ತ ಇಟ್ಟು ಒಣಗಿಸಿ ಯಂತ್ರದೊಳಗೆ ತಳ್ಳಿದರೆ ಲೇಸರ್ ಬೆಳಕು ಬಡಿಯುತ್ತದೆ, ಪ್ರೋಟೀನಿನ ಕಣಗಳು ಹಾರುತ್ತವೆ. ಹಗುರವಾದದ್ದು ಮೊದಲು ತಲುಪುತ್ತದೆ, ಭಾರದ್ದು ಆಮೇಲೆ. ಅದರಿಂದ ಪ್ರತಿಯೊಂದರ ತೂಕ ಗೊತ್ತಾಗುತ್ತದೆ.

"ಕಲ್ಯಾಣದುರ್ಗದ ಬಸ್ ಇಳಿದಂಗಾತು ಬಿಡು," ಅಂದರು ಮಾವ. "ಗಂಟು ಇಲ್ದವ್ರು ಮೊದ್ಲು ಇಳೀತಾರ."

ಒಳಗಿನಿಂದ ಅತ್ತೆ, "ಹುಳಾ ತೂಗಾಕ ಬೆಂಗಳೂರಿಗೆ ಯಾಕ ಹೋಗ್ಬೇಕವ್ವಾ, ನಮ್ ಸಂತಿಯೊಳಗ ತಕ್ಕಡಿ ಇಲ್ಲೇನು?" ಅಂದರು.

ನಾನು ನಗುತ್ತ ಮುಂದುವರಿಸಿದೆ. ಯಂತ್ರದ ಕೆಲಸ ಅರ್ಧ ಗಂಟೆ. ಕಷ್ಟವಿರುವುದು ತಟ್ಟೆಯ ಮೈ ತಯಾರು ಮಾಡುವುದರಲ್ಲಿ. ಮೊದಲು ಅದನ್ನು ಒಂದು ಚೂರು ಜಿಡ್ಡೂ ಇಲ್ಲದಂತೆ ತೊಳೆಯಬೇಕು. ಆಮೇಲೆ ಅದಕ್ಕೊಂದು ತೆಳು ಲೇಪ ಕೊಡಬೇಕು. ನಮಗೆ ಬೇಕಾದ ಪ್ರೋಟೀನನ್ನು ಆ ಲೇಪ ಹಿಡಿದುಕೊಳ್ಳಬೇಕು, ಬೇಡದ್ದು ತೊಳೆದಾಗ ಹರಿದುಹೋಗಬೇಕು. ಮೈ ಸರಿಯಿಲ್ಲದಿದ್ದರೆ ಎಷ್ಟು ದೊಡ್ಡ ಯಂತ್ರವಿದ್ದರೂ ಪ್ರಯೋಜನವಿಲ್ಲ.

ಮಾವ ಕೈಲಿದ್ದ ಉಜ್ಜುವ ಕಾಗದ ಕೆಳಗಿಟ್ಟರು. ನಲವತ್ತು ವರ್ಷ ಊರೆಲ್ಲ ನಕ್ಕ ಮಾತನ್ನು ವಿಜ್ಞಾನ ಒಪ್ಪಿಕೊಂಡಿದೆ ಎಂದು ತಿಳಿದಾಗ ಮನುಷ್ಯನ ಮುಖ ಹೇಗಾಗುತ್ತದೆ ಎಂದು ನಾನು ಅವತ್ತು ನೋಡಿದೆ. "ಹಂಗಾದ್ರ ನೀನೂ ನನ್ ಕಸುಬಿಗೇ ಬಂದೀ," ಅಂದರು. ಅತ್ತೆ ಅಡುಗೆಮನೆಯಲ್ಲೇ ಹಣೆ ಚಚ್ಚಿಕೊಂಡ ಸದ್ದು ಕೇಳಿಸಿತು.

ಈಗ ನನ್ನ ಕಷ್ಟ ಕೇಳಿ. ಯಂತ್ರ ಇದ್ದದ್ದು ಬೆಂಗಳೂರಿನ ಒಂದು ದೊಡ್ಡ ಸಂಸ್ಥೆಯಲ್ಲಿ. ನಮಗೆ ಕೊಟ್ಟದ್ದು ಮೂರೇ ಮೂರು ಸರದಿ. ನನ್ನ ಫೆಲೋಶಿಪ್ ಮುಗಿಯುತ್ತ ಬಂದಿತ್ತು. ಮೂರು ಸರದಿಯೊಳಗೆ ಗುರುತು ಸಿಕ್ಕರೆ ಪಿಎಚ್‌.ಡಿ., ಸಿಗದಿದ್ದರೆ ಐದು ವರ್ಷದ ದುಡಿಮೆಗೆ ಬೀಗ ಹಾಕಿ ಮಡಕಶಿರಾ ಬಸ್ಸು ಹತ್ತುವುದು. ಮಾರ್ಗದರ್ಶಕರಾಗಿದ್ದ ನಮ್ಮ ಮೇಡಂ ಒಳ್ಳೆಯವರು. ಆದರೆ ನಾಲ್ಕನೇ ಸರದಿಯನ್ನು ಅವರಾದರೂ ಎಲ್ಲಿಂದ ತಂದಾರು?

ಇನ್ನೊಂದು ತೊಡಕೂ ಇತ್ತು. ಹುಳುವಿನ ರಕ್ತ ಗಾಳಿಗೆ ಬಂದರೆ ಬೇಗ ಕಪ್ಪಾಗುತ್ತದೆ. ಹಾಗಾಗಿ ಹುಳು ಸಾಕುವ ಮನೆಯಲ್ಲೇ ಕೂತು ಹನಿಯನ್ನು ತಟ್ಟೆಗೆ ಇಡಬೇಕು. ಬಳ್ಳಾರಿಯಲ್ಲಿ ತೊಳೆದ ತಟ್ಟೆಗಳನ್ನು ಡಬ್ಬಿಯಲ್ಲಿಟ್ಟು ರಾಯದುರ್ಗಕ್ಕೆ ತರುತ್ತಿದ್ದೆ. ಬೆಳಿಗ್ಗೆ ಸ್ನಾನ ಮುಗಿಸಿ ಬಂದು ಲೇಪ ಕೊಟ್ಟು, ಒಣಗುತ್ತಲೂ ಬಸ್ಸು ಹತ್ತಿ ಮಡಕಶಿರಾ, ಅಲ್ಲಿಂದ ಆಟೋದಲ್ಲಿ ಅಗಳಿ. ಹನಿ ಇಟ್ಟು ಮುಗಿಸಿ ಬೆಂಗಳೂರು.

ಮೊದಲ ಸರದಿಯ ಫಲಿತಾಂಶವನ್ನು ಯಂತ್ರ ನೋಡಿಕೊಳ್ಳುವವರು ಕಂಪ್ಯೂಟರಿನಲ್ಲಿ ತೋರಿಸಿದರು. ಯಾವ ಪ್ರೋಟೀನು ಯಾವ ಪ್ರಾಣಿಯದು ಎಂದು ಅದು ಪಟ್ಟಿ ಕೊಡುತ್ತದೆ. ಮೇಲಿನ ಸಾಲಿನಲ್ಲಿ ರೇಷ್ಮೆ ಹುಳು ಇರಬೇಕಿತ್ತು. ಇದ್ದದ್ದು ಕುರಿ! ಎರಡನೆಯ ಸಾಲಿನಲ್ಲೂ ಕುರಿ. ಐದನೆಯ ಸಾಲಿನಲ್ಲಿ ರೇಷ್ಮೆ ಹುಳು ಕುರಿಮಂದೆಯ ಹಿಂದೆ ತಪ್ಪಿಸಿಕೊಂಡು ನಿಂತಿತ್ತು.

"ನಿಮ್ಮ ಕಡೆ ರೇಷ್ಮೆ ಹುಳು ಏನು ತಿನ್ನುತ್ತೆ ಮೇಡಂ, ಬಿರಿಯಾನಿನಾ?" ಎಂದು ಅವರು ಕೇಳಿದರು. ನನಗೆ ನಗು ಬರಲಿಲ್ಲ.

ಉಣ್ಣೆಯ ಸ್ವೆಟರ್ ಹಾಕಿಕೊಂಡಿದ್ದೆಯಾ ಎಂದು ನಮ್ಮ ಮೇಡಂ ಕೇಳಿದರು. ಅನಂತಪುರ ಜಿಲ್ಲೆಯ ಬಿಸಿಲಿನಲ್ಲಿ ಸ್ವೆಟರೇ? ಅಗಳಿಯ ಆ ಹುಳುಮನೆಯ ಹಿಂದೆ ಕುರಿಹಟ್ಟಿ ಇದ್ದದ್ದು ನೆನಪಾಯಿತು. ತಪ್ಪೆಲ್ಲ ಅದರ ಮೇಲೆ ಹೊರಿಸಿ, ಎರಡನೇ ಸಲ ಕುರಿಯ ವಾಸನೆಯೂ ಇಲ್ಲದ ಇನ್ನೊಬ್ಬರ ಹುಳುಮನೆಗೆ ಹೋದೆ. ಆ ಮನೆಯ ಯಜಮಾನರು ನಾನು ಬಾಗಿಲಲ್ಲೇ ನಿಂತು, "ನಿಮ್ಮನೇಲಿ ಕುರಿ ಇಲ್ಲ ಅಲ್ವಾ?" ಎಂದು ಮೂರು ಸಲ ಕೇಳಿದ್ದಕ್ಕೆ, "ಯಾಕಮ್ಮ, ಊಟಕ್ಕೆ ಬೇಕಿತ್ತಾ?" ಅಂದರು. ಎರಡನೇ ಸರದಿಯ ಫಲಿತಾಂಶ ಬಂತು. ಈ ಸಲ ಮೊದಲ ಏಳು ಸಾಲೂ ಕುರಿ.

ನಾನು ರಾಯದುರ್ಗಕ್ಕೆ ಬಂದು ಊಟ ಬಿಟ್ಟು ಮಲಗಿದೆ. ಮಾವ ತಲೆದೆಸೆಯಲ್ಲಿ ಕೂತು, "ಯಾಕವ್ವಾ ಹಿಂಗ ಮಲಗೀ? ಮೈ ಸರಿ ಇರ್ಲಿಲ್ಲೇನು?" ಅಂದರು. ತಟ್ಟೆಯ ಮೈ ಬಗ್ಗೆ ಕೇಳುತ್ತಿದ್ದಾರೋ ನನ್ನ ಮೈ ಬಗ್ಗೆಯೋ ತಿಳಿಯಲಿಲ್ಲ. ಉಳಿದಿದ್ದದ್ದು ಒಂದೇ ಸರದಿ. ಮತ್ತೆ ತಟ್ಟೆ ತೊಳೆದು ತಂದೆ.

ಹೊರಡಬೇಕಾದ ದಿನಕ್ಕೆ ಇನ್ನೂ ವಾರವಿತ್ತು. ಬರೀ ಅಭ್ಯಾಸಕ್ಕೆಂದು ಲೇಪ ಕೊಟ್ಟು ನೋಡುವವಳಿದ್ದೆ. ಬಚ್ಚಲಿಗೆ ಹೋದವಳು ಟವೆಲ್ ಮರೆತೆನೆಂದು ತಿರುಗಿ ಬಂದರೆ, ಪಡಸಾಲೆಯಲ್ಲಿ ಮಾವ ಡಬ್ಬಿ ತೆರೆದು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಕರಿಯದೇನನ್ನೋ ಹಿಡಿದು, ಮಗುವಿನ ಕೆನ್ನೆ ಒರೆಸುವಷ್ಟು ನಯವಾಗಿ ಒರೆಸುತ್ತಿದ್ದರು.

"ಮಾವ, ಏನ್ ಮಾಡ್ತಿದ್ದೀರ?"

"ಕಡೀ ಕೈ ಕೊಡಾಕತ್ತೀನವ್ವ," ಅಂದರು ಹೆಮ್ಮೆಯಿಂದ. "ನೀ ಎಷ್ಟರ ತೊಳಿ, ಕಡೀಗೆ ಇದ್ರಾಗ ಒಂದು ಕೈ ಒರಸ್ಲಿಲ್ಲಂದ್ರ ಮೈ ಬರಂಗಿಲ್ಲ. ಹೋದ ಎರಡು ಸಲಾನೂ ನಾನಾ ಒರಸಿ ಇಟ್ಟಿದ್ದೆ."

ಅವರ ಕೈಯಲ್ಲಿದ್ದದ್ದು ಕಂಬಳಿ ಚೂರು. ಗುಮ್ಮಘಟ್ಟದ ಕುರಿಯವರ ಹತ್ತಿರ ಬೇಡಿ ತಂದ, ನಾಲ್ಕು ಮಳೆಗಾಲ ಕಂಡು ಮೆತ್ತಗಾದ ಅಪ್ಪಟ ಕುರಿ ಉಣ್ಣೆಯ ಕಂಬಳಿ. ಅವರ ಕಸುಬಿನ ಗುಟ್ಟೇ ಅದು. ಯಾವ ಗಿರಾಕಿಗೂ ಹೇಳದ ಗುಟ್ಟನ್ನು ನನ್ನ ತಟ್ಟೆಗೆ ಧಾರೆಯೆರೆದಿದ್ದರು. ಉಣ್ಣೆಯ ಕಣ್ಣಿಗೆ ಕಾಣದ ಎಳೆಯೊಂದು ಸಾಕು, ಆ ಯಂತ್ರ ಕುರಿ ಎಂದು ಕೂಗಲು. ಇಲ್ಲಿ ಮಂದೆಯೇ ನಡೆದುಹೋಗಿತ್ತು.

ನಾನು ಕೂಗಾಡಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಎರಡು ಸರದಿ ಹಾಳಾದದ್ದು ನಿಮ್ಮಿಂದ, ಐದು ವರ್ಷ ಹಾಳಾಗುವುದೂ ನಿಮ್ಮಿಂದಲೇ ಅಂದೆ. ಕುರಿಯ ಉಣ್ಣೆ, ನಮ್ಮ ಕೂದಲು, ಚರ್ಮ ಎಲ್ಲ ಒಂದೇ ಜಾತಿಯ ಪ್ರೋಟೀನು, ಅದರ ಪುಡಿ ಬಿದ್ದರೂ ತಟ್ಟೆ ಕೆಡುತ್ತದೆ ಎಂದೂ ಕೂಗಿ ಹೇಳಿದೆ. ಮಾವ ಕಂಬಳಿ ಚೂರನ್ನು ಮಡಚಿ ಹಿತ್ತಲ ಒಲೆಗೆ ಹಾಕಿ ಬಂದರು. ಅವತ್ತು ಅವರು ಉಜ್ಜಲು ಕೂರಲಿಲ್ಲ. ನಾನು ಆ ಮನೆಯಲ್ಲಿದ್ದಷ್ಟು ವರ್ಷದಲ್ಲಿ ಅಂಥ ದಿನ ಕಂಡದ್ದು ಅದೊಂದೇ.

ಮರುದಿನ ಬೆಳಿಗ್ಗೆ ಎಲ್ಲೋ ಹೋದವರು ಮಧ್ಯಾಹ್ನ ಬಂದಾಗ ನನಗೆ ಗುರುತೇ ಸಿಗಲಿಲ್ಲ. ತಲೆ ನುಣ್ಣಗೆ ಬೋಳು, ಮೀಸೆ ಇಲ್ಲ, ಗಡ್ಡ ಇಲ್ಲ, ಮುಂಗೈಯ ರೋಮವೂ ಇಲ್ಲ! ಬೀದಿಯ ಜನ ಮಾವ ತಿರುಪತಿಗೆ ಹೋಗಿ ಬಂದರೆಂದು ತಿಳಿದು, ಒಬ್ಬೊಬ್ಬರೇ ಬಂದು ಲಡ್ಡು ಕೇಳತೊಡಗಿದರು. ಇಲ್ಲ ಅಂದರೆ ನಂಬುವವರಿಲ್ಲ. ಕೊನೆಗೆ ಅತ್ತೆ ಕಡಲೆಹಿಟ್ಟು ಕಲಸಿ ಉಂಡೆ ಕಟ್ಟಿ ಹಂಚಿ ಕೈತೊಳೆದುಕೊಂಡರು.

"ಕೂದಲು ಬಿದ್ರ ಕೆಡ್ತೈತಿ ಅಂದೆಲ್ಲವ್ವ," ಅಂದರು ಮಾವ ನನ್ನ ಹತ್ತಿರ ಮಾತ್ರ. "ಈಗ ಬೀಳಾಕ ಏನೂ ಇಲ್ಲ. ಕಡೀ ಸಲ ನಾನೂ ಜೋಡಿ ಕೂಡ್ಲೇನು?"

ಬೇಡ ಅನ್ನಲು ಬಾಯಿ ಬರಲಿಲ್ಲ. ಅನ್ನದೆ ಇದ್ದದ್ದೇ ಒಳ್ಳೆಯದಾಯಿತು.

ಕೊನೆಯ ಸರದಿಗೆ ಪಡಸಾಲೆಯನ್ನು ತೊಳೆದು, ಬಾಗಿಲಿಗೆ ಒದ್ದೆ ಬಟ್ಟೆ ಇಳಿಬಿಟ್ಟು, ಮಾವ ಕೈಗವಸು, ಮುಖಗವಸು ಹಾಕಿ ಕೂತರು. ಉಗುಳು ಹಾರೀತೆಂದು ಮಾತನ್ನೂ ನಿಲ್ಲಿಸಿದರು. ಯಾರೂ ಒಳಗೆ ಬರಬಾರದೆಂದು ಒಂದು ರಟ್ಟಿನ ಮೇಲೆ ಎರಡು ಭಾಷೆಯಲ್ಲಿ ಬರೆದು ಬಾಗಿಲಿಗೆ ಸಿಕ್ಕಿಸಿದರು. ಉಜ್ಜದೆ, ತೊಳೆಯದೆ, ಪ್ರೈಮರ್ ಬಳಿಯದೆ ಮಾವ ಬರೆದ ಬೋರ್ಡು ಲೋಕದಲ್ಲಿ ಅದೊಂದೇ. ಅತ್ತೆ ಈಗಲೂ ಅದನ್ನು ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ.

ತೊಳೆದ ತಟ್ಟೆಯ ಮೇಲೆ ಅವರು ಶುದ್ಧ ನೀರು ಹರಿಸಿ ಓರೆ ಹಿಡಿದು ನೋಡಿದರು. ನೀರು ಒಂದೇ ಹಾಳೆಯಂತೆ ನಿಂತರೆ ಮೈ ಶುದ್ಧ, ಹನಿ ಹನಿಯಾಗಿ ಒಡೆದರೆ ಜಿಡ್ಡಿದೆ. ಅದೇ ವಿಷಯ ತಿಳಿಯಲು ನಮ್ಮ ಪ್ರಯೋಗಾಲಯದಲ್ಲಿ ಕ್ಯಾಮೆರಾ ಇಟ್ಟ ಉಪಕರಣವೊಂದಿದೆ. ಒಂದು ಮೂಲೆಯಲ್ಲಿ ನೀರು ಒಡೆಯಿತು. ಮಾವ ಬೆರಳು ತೋರಿಸಿದರು. ಮತ್ತೆ ತೊಳೆದೆ. ಆಮೇಲೆ ಲೇಪ. ನಾನು ಎಂದಿನಂತೆ ಇಟ್ಟದ್ದನ್ನು ನೋಡಿ ಅವರಿಗೆ ತಡೆಯಲಾಗಲಿಲ್ಲ. ಹೊರಗೆ ಎದ್ದುಹೋಗಿ, ಮುಖಗವಸು ತೆಗೆದು, ಬೀದಿಯಲ್ಲಿ ನಿಂತು ಕೂಗಿ ಹೇಳಿದರು: "ದ್ವಾಸಿ ಹುಯ್ದಂಗ ಹುಯ್ತೀಯಲ್ಲವ್ವ! ತೆಳ್ಳಗ ಕೊಡು. ಒಣಗ್ಲಿ. ತೊಳಿ. ಮತ್ತ ತೆಳ್ಳಗ ಕೊಡು. ದಪ್ಪಗೆ ಬಳದದ್ದು ಎಂದೂ ಮೈ ಹಿಡಿಯಂಗಿಲ್ಲ, ಪದರ ಎದ್ದು ಬರ್ತೈತಿ."

ನಾನು ಓದಿದ ಲೇಖನಗಳಲ್ಲೂ ಅದನ್ನೇ ಬರೆದಿದ್ದರು. ಬೆಳಗಿನ ಏಳರ ಬಸ್ಸು ತಪ್ಪೀತೆಂದು ನಾನು ಎರಡು ಸಲವೂ ಒಂದೇ ದಪ್ಪ ಲೇಪ ಎಳೆದು ಓಡಿದ್ದೆ. ಕುರಿ ಇಲ್ಲದಿದ್ದರೂ ಆ ತಟ್ಟೆಗಳು ಏನನ್ನೂ ಹಿಡಿಯುತ್ತಿರಲಿಲ್ಲ! ತಪ್ಪು ಮಾವನದೊಂದೇ ಎಂದು ಕೂಗಾಡಿದವಳು ನಾನು. ಅವತ್ತು ಏಳರ ಬಸ್ಸು ಹೋಯಿತು, ಒಂಬತ್ತರದ್ದೂ ಹೋಯಿತು. ಮಾವ ಕದಲಲಿಲ್ಲ. ದಪ್ಪ ಲೇಪವನ್ನು ತೊಳೆದು ತೆಗೆದು, ಮೂರು ತೆಳು ಲೇಪ ಕೊಟ್ಟು, ಮೂರನೆಯದು ಆರಿದ ಮೇಲೇ ತಟ್ಟೆ ಡಬ್ಬಿಗೆ ಹೋದದ್ದು.

ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅವರೂ ಬಸ್ಸಿನಲ್ಲಿ ಬಂದರು. ಕಲ್ಯಾಣದುರ್ಗದಲ್ಲಿ ಹೆಗಲ ಮೇಲೆ ಕಂಬಳಿ ಹೊದ್ದ ಅಜ್ಜನೊಬ್ಬ ಹತ್ತಿ, ಮಾವನ ಪಕ್ಕದಲ್ಲೇ ಕೂತ. ಮಾವ ಹಾವು ಕಂಡವರಂತೆ ಎದ್ದು ಡ್ರೈವರ್ ಹಿಂದೆ ಹೋಗಿ ನಿಂತರು. "ಸೀಟು ಉಂದಿ ಕದಾ ಪೆದ್ದಾಯನಾ, ಕೂರ್ಚೋ," ಸೀಟಿದೆಯಲ್ಲ, ಕೂತ್ಕೋ ಎಂದು ಕಂಡಕ್ಟರ್ ಎಷ್ಟು ಕರೆದರೂ ಬರಲಿಲ್ಲ. ಬೋಳುತಲೆ, ಮುಖಗವಸು, ಎದೆಗವಚಿದ ಡಬ್ಬಿ. ಅದರಲ್ಲಿ ಯಾರದೋ ಅಸ್ಥಿಯಿದೆ ಎಂದುಕೊಂಡು ಬಸ್ಸಿನವರೆಲ್ಲ ದಾರಿ ಬಿಟ್ಟರು. ಮಡಕಶಿರಾದವರೆಗೂ ಮಾವ ನಿಂತೇ ಬಂದರು. ಆ ವಯಸ್ಸಿನಲ್ಲಿ ಅಷ್ಟು ದೂರ!

ಅಗಳಿಯಲ್ಲಿ ಹೊತ್ತು ಇಳಿಯುವ ಮುಂಚೆ ಹನಿ ಇಟ್ಟು ಮುಗಿಸಿದೆ. ಮಾವ ಅಲ್ಲಿಂದಲೇ ಹಿಂತಿರುಗಿದರು. ನಾನು ಬೆಂಗಳೂರಿಗೆ ಹೋದೆ. ಮಾರನೆಯ ದಿನ ಕಂಪ್ಯೂಟರಿನ ಮುಂದೆ ಕೂತು ಪಟ್ಟಿ ತೆರೆದೆ. ಮೊದಲ ಸಾಲು ರೇಷ್ಮೆ ಹುಳು. ಎರಡನೆಯದು ರೇಷ್ಮೆ ಹುಳು. ಕೆಳಗಿನವರೆಗೂ ಅದೇ. ಮೂರು ದಿನ ಬಿಟ್ಟು ಅಗಳಿಯಿಂದ ಬಂದ ಸುದ್ದಿಯೊಂದಿಗೆ ಹೋಲಿಸಿ ನೋಡಿದರೆ, ಹನಿ ತೆಗೆದಾಗ ಚೆನ್ನಾಗಿ ಸೊಪ್ಪು ತಿನ್ನುತ್ತಿದ್ದು ಆಮೇಲೆ ಮೆತ್ತಗಾದ ಹುಳುಗಳಲ್ಲಿ ಮಾತ್ರ ಒಂದು ಪ್ರೋಟೀನು ಎದ್ದು ಕಾಣುತ್ತಿತ್ತು. ಗುರುತು ಸಿಕ್ಕಿತ್ತು.

ಮೊದಲ ದಿನ ಆ ಪಟ್ಟಿ ನೋಡುತ್ತಲೇ ಫೋನ್ ಮಾಡಿದ್ದೆ. ಮಾವ ಎತ್ತಿದವರೇ, "ಕುರಿ ಎಷ್ಟವ್ವಾ?" ಅಂದರು.

"ಒಂದೂ ಇಲ್ಲ ಮಾವ."

ಆ ಕಡೆಯಿಂದ ಅತ್ತೆ ಮಾತಾಡಿ, "ಏನ್ ಹೇಳ್ದೆವ್ವಾ ಇವ್ರಿಗೆ? ಫೋನ್ ನನ್ ಕೈಯಾಗ ಕೊಟ್ಟು ಬೀದಿಯಾಗ ಹೋಗಿ ನಿಂತಾರ" ಅಂದರು.

ನನಗೆ ಪಿಎಚ್‌.ಡಿ. ಬಂತು. ಅಗಳಿಯ ಹುಳುಮನೆಗಳಿಗಾಗಿ ಮೇಡಂ ಅದೇ ಕೆಲಸವನ್ನು ಮುಂದುವರಿಸಿದರು. ಅದಕ್ಕೆ ತಟ್ಟೆಗಳು ಬೇಕು, ಬಹಳ ಬೇಕು. ಮಾವನ ಕತೆ ಕೇಳಿದ್ದ ಅವರು ಒಂದು ದಿನ, "ಅವರನ್ನೇ ಕರೆದುಕೊಂಡು ಬಾ, ಲ್ಯಾಬಿಗೆ ಸೇರಿಸಿಕೊಳ್ಳೋಣ" ಅಂದರು. ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ವಿಭೂತಿ ಹಚ್ಚಿ, ಬೆಳಗಿನ ಮೊದಲ ಬಸ್ಸಿಗೇ ನನ್ನ ಜೊತೆ ಬಳ್ಳಾರಿಗೆ ಬಂದರು.

ಪ್ರಯೋಗಾಲಯದ ಬಾಗಿಲಲ್ಲಿ ಹಾಜರಿಯ ಯಂತ್ರವಿದೆ. ಬೆರಳು ಒತ್ತಿ ಹೆಸರು ಸೇರಿಸಬೇಕು. ಮಾವ ಹೆಬ್ಬೆರಳಿಟ್ಟರು. ಯಂತ್ರ ಕೆಂಪಗಾಯಿತು. ತೋರುಬೆರಳಿಟ್ಟರು, ಮತ್ತೆ ಕೆಂಪು. ಕಾವಲಿನವರು ಗಾಜು ಒರೆಸಿ, "ಕೈ ತೊಳ್ಕೊಂಡು ಬರ್ರಿ ಯಜಮಾನ್ರ" ಅಂದರು. ಮಾವ ತೊಳೆದು ಬಂದರು. ಹತ್ತೂ ಬೆರಳು ಇಟ್ಟದ್ದಾಯಿತು. ಒಂದನ್ನೂ ಅದು ಹಿಡಿಯಲಿಲ್ಲ. ನಾನು ಅವರ ಕೈ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದೆ. ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ನಲವತ್ತು ವರ್ಷ ಊರಿನವರ ತಗಡು ಉಜ್ಜುತ್ತ ಉಜ್ಜುತ್ತ ಎಲ್ಲ ಸವೆದುಹೋಗಿದ್ದವು.

"ರೇಷನ್ ಅಂಗಡ್ಯಾಗೂ ಹಿಂಗಾ ಆಗ್ತೈತವ್ವ," ಅಂದರು ಮಾವ ಸಣ್ಣ ದನಿಯಲ್ಲಿ. "ಮನಿಗೆ ಹೋಗೋಣೇನು?"

ನನಗೆ ಅಳು ತಡೆಯಲಾಗಲಿಲ್ಲ. ಅಲ್ಲೇ ಬಾಗಿಲಲ್ಲೇ, ಎಲ್ಲರೂ ನೋಡುತ್ತಿರುವಾಗಲೇ ಅತ್ತುಬಿಟ್ಟೆ. ಇಷ್ಟು ದಿನ ಈ ಕೈಗಳನ್ನು ನೋಡಿ ನಕ್ಕಿದ್ದೆ, ಕೂಗಾಡಿದ್ದೆ. ಒಮ್ಮೆಯೂ ಹಿಡಿದು ನೋಡಿರಲಿಲ್ಲ. ಗಲಾಟೆ ಕೇಳಿ ಮೇಡಂ ಹೊರಗೆ ಬಂದರು. ವಿಷಯ ತಿಳಿದು, ಒಳಗಿನಿಂದ ಒಂದು ಹೊಸ ಹಾಜರಿ ಪುಸ್ತಕ ತರಿಸಿ, ಮಾವನ ಮುಂದೆ ತೆರೆದಿಟ್ಟು, "ನಿಮಗೆ ಯಂತ್ರ ಬೇಡ, ಇದರಲ್ಲಿ ಹೆಸರು ಬರೀರಿ" ಅಂದರು.

ಮಾವ ಹಾಳೆಯ ಮೇಲೆ ಒಮ್ಮೆ ಅಂಗೈ ಆಡಿಸಿದರು. ಪೆನ್ನು ಹಿಡಿದರು, ತಡೆದರು. ಆಮೇಲೆ ಅದನ್ನು ನನಗೆ ಕೊಟ್ಟರು. "ಊರಾಗ ಎಲ್ಲಾರ ಹೆಸ್ರೂ ಬರ್ದೀನಿ. ನಂದು ಎಲ್ಲೂ ಬರ್ದಿಲ್ಲ. ನೀನಾ ಬರಿಯವ್ವ."

ನಾನು ಬರೆದೆ, ನನ್ನ ಕೈಲಾದಷ್ಟು ದುಂಡಗೆ. ಕಾವಲಿನವರು ಪುಸ್ತಕ ಮುಚ್ಚಲು ಬಂದಾಗ ಮಾವ ಕೈ ಅಡ್ಡ ಹಿಡಿದು, ಶಾಯಿ ಆರುವವರೆಗೂ ಅದರ ಪಕ್ಕದಲ್ಲೇ ನಿಂತಿದ್ದರು.